ಒಂದನೇ ನಂಬರಿನ ಹೊಲ: ನೆಬ್ರಾಸ್ಕಾದಲ್ಲಿ ಡೇನಿಯಲ್ ಫ್ರೀಮನ್‌ನ ಜಾಡು ಹಿಡಿದು

ಶುಕ್ರವಾರ: ಬ್ರೌನ್‌ವಿಲ್

ರಾಕ್ ಪೋರ್ಟ್ ದಾಟಿ 136ನೇ ಹೆದ್ದಾರಿಗೆ ಬಿದ್ದ ಮೇಲೆ ಮಿಸೌರಿ ನದಿಯವರೆಗೂ ನೆಲ ಒಂದೇ ಸಪಾಟು. ಸೆಪ್ಟೆಂಬರ್ ಕೊನೆ. ಸೋಯಾಬೀನ್ ಹಳದಿಗೆ ತಿರುಗಿತ್ತು, ಗೋವಿನಜೋಳದ ದಂಟು ಒಣಗಿ ಗಾಳಿಗೆ ಸರಸರ ಎನ್ನುತ್ತಿತ್ತು. ಕ್ಯಾನ್ಸಸ್ ಸಿಟಿ ಬಿಟ್ಟಾಗಿನಿಂದ ತೂಕಡಿಸುತ್ತಿದ್ದ ಅಪ್ಪ ಈಗ ಕಿಟಕಿ ಇಳಿಸಿ ಕೂತಿದ್ದರು. 2019ರ ಪ್ರವಾಹದಲ್ಲಿ ಈ ತಗ್ಗಿನ ಹೊಲಗಳನ್ನೆಲ್ಲ ನದಿ ನುಂಗಿತ್ತು ಎಂದು ಹೇಳಿದೆ. "ಹಂಗಾದ್ರ ಮಣ್ಣು ಚಲೋ ಇರಬೇಕು" ಅಂದರು.

ಅಪ್ಪ ರಾಣೆಬೆನ್ನೂರು ಕಡೆಯ ರೈತರು. ಅಪ್ಪ, ಅವ್ವ ಇಬ್ಬರೂ ನಮ್ಮ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಎತ್ತರದ ಕಟ್ಟಡ, ದೊಡ್ಡ ಅಂಗಡಿಗಳನ್ನೆಲ್ಲ ನೋಡಿಯಾದ ಮೇಲೆ ಅಪ್ಪ ಕೇಳಿದ ಪ್ರಶ್ನೆ ಒಂದೇ: "ಈ ದೇಶದಾಗ ಇಷ್ಟಿಷ್ಟು ದೊಡ್ಡ ಹೊಲ ಮಂದಿಗೆ ಹ್ಯಾಂಗ ಬಂದುವು? ಕೊಂಡ್ರೋ, ಯಾರರ ಕೊಟ್ರೋ?" ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಡೇನಿಯಲ್ ಫ್ರೀಮನ್. 1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ, ಐದು ವರ್ಷ ಇದ್ದು ಉತ್ತವರಿಗೆ 160 ಎಕರೆವರೆಗೆ ಸರಕಾರಿ ನೆಲ ಕೊಡುವ ಹೋಮ್‌ಸ್ಟೆಡ್ ಕಾಯ್ದೆಯಡಿ ಮೊಟ್ಟಮೊದಲು ಅರ್ಜಿ ಹಾಕಿದವನೆಂದು ಹೆಸರಾದ ರೈತ. ಅವನ ಹೊಲ ನಮ್ಮ ಮನೆಯಿಂದ ಮೂರು ತಾಸಿನ ದಾರಿ.

ಸೀದಾ ಹೊಲಕ್ಕೇ ಹೋಗಬಹುದಿತ್ತು. ಆದರೆ ಅವನ ಕಥೆ ಶುರುವಾಗುವುದು ಹೊಲದಲ್ಲಲ್ಲ, ಕಚೇರಿಯಲ್ಲಿ. ಆ ಕಚೇರಿ ಇದ್ದದ್ದು ಬ್ರೌನ್‌ವಿಲ್‌ನಲ್ಲಿ. ನದಿಯ ಮೇಲಿನ ಹಳೆಯ ಉಕ್ಕಿನ ಸೇತುವೆ ದಾಟಿದ ಕೂಡಲೇ ಗುಡ್ಡದ ಇಳಿಜಾರಿನಲ್ಲಿ ನಾಲ್ಕಾರು ಇಟ್ಟಿಗೆ ಕಟ್ಟಡ, ಓಕ್ ಮರಗಳ ನಡುವೆ ಹಳೆ ಮನೆಗಳು. ಇಂದು ಅಲ್ಲಿರುವುದು ನೂರು ಚಿಲ್ಲರೆ ಜನ. 1854ರಲ್ಲಿ ಹುಟ್ಟಿದ ಈ ಊರು ಒಂದು ಕಾಲಕ್ಕೆ ಉಗಿಹಡಗುಗಳು ಬಂದು ನಿಲ್ಲುತ್ತಿದ್ದ ಗದ್ದಲದ ಬಂದರು. ಪಶ್ಚಿಮಕ್ಕೆ ಹೋಗುವವರು ಇಲ್ಲಿ ಇಳಿದು ದಿನಸಿ, ನೇಗಿಲು, ಎತ್ತು ಕೊಂಡು ಮುಂದೆ ಸಾಗುತ್ತಿದ್ದರು.

ಇಲ್ಲಿಗೆ ಬರುವವರು ಮ್ಯೂಸಿಯಂಗಳು ಯಾವ ದಿನ ತೆರೆದಿರುತ್ತವೆ ಎಂದು ಫೋನ್ ಮಾಡಿ ಕೇಳಿಕೊಂಡು ಬಂದರೆ ಒಳ್ಳೆಯದು. ನಾವು ಹೋದ ಶುಕ್ರವಾರ ಎರಡು ಬಾಗಿಲುಗಳಿಗೆ ಬೀಗವಿತ್ತು. ತೆರೆದಿದ್ದ ಒಂದು ಹಳೆ ಪುಸ್ತಕದಂಗಡಿಗೆ ಹೋದೆವು. ಅಲ್ಲಿ ಕೂತಿದ್ದ ಹಿರಿಯ ಹೆಂಗಸು ಫ್ರೀಮನ್ ಹೆಸರು ಕೇಳಿದ್ದೇ ಕನ್ನಡಕ ತೆಗೆದಿಟ್ಟು ಕಥೆ ಶುರು ಮಾಡಿದರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಕಥೆ ಹೀಗೆ. ಕಾಯ್ದೆ ಜಾರಿಗೆ ಬರುವುದು 1863ರ ಜನವರಿ 1ಕ್ಕೆ. ಅದು ಹೊಸ ವರ್ಷದ ರಜೆ, ಭೂಕಚೇರಿ ಮುಚ್ಚಿರುತ್ತದೆ. ಆಗ ಅಂತರ್ಯುದ್ಧ ನಡೆಯುತ್ತಿದ್ದ ಕಾಲ; ಯೂನಿಯನ್ (ಉತ್ತರದ ರಾಜ್ಯಗಳ) ಸೈನ್ಯದಲ್ಲಿದ್ದ ಫ್ರೀಮನ್ ಬೆಳಗಾಗುವುದರೊಳಗೆ ಊರು ಬಿಡಬೇಕಿತ್ತು. ಹಿಂದಿನ ರಾತ್ರಿ ಹೊಸ ವರ್ಷದ ಕೂಟದಲ್ಲಿ ಕಚೇರಿಯ ಗುಮಾಸ್ತನನ್ನು ಹಿಡಿದು, ತನ್ನ ಕಷ್ಟ ಹೇಳಿಕೊಂಡು, ಮಧ್ಯರಾತ್ರಿ ಕಳೆದ ಹತ್ತು ಇಪ್ಪತ್ತು ನಿಮಿಷಕ್ಕೆಲ್ಲ ಬಾಗಿಲು ತೆಗೆಸಿದ. ಅರ್ಜಿ ನಂಬರ್ 1 ಬರೆಸಿ ಹೊರಟ. ಡಕೋಟಾದ ವರ್ಮಿಲಿಯನ್‌ನಲ್ಲಿ ಮಹ್ಲಾನ್ ಗೋರ್ ಎಂಬಾತನೂ ಅದೇ ರಾತ್ರಿ ಅರ್ಜಿ ಹಾಕಿದ್ದ. ಹಗಲಾದ ಮೇಲೆ ಬೇರೆ ಬೇರೆ ಕಚೇರಿಗಳಲ್ಲಿ ನೂರಾರು ಜನ ಹಾಕಿದರು. ಆದರೂ 'ಒಂದನೇ ನಂಬರು' ಫ್ರೀಮನ್ ಪಾಲಿಗೇ ಉಳಿಯಿತು.

ಅಪ್ಪ ಕಥೆ ಕೇಳಿ ನಗಲಿಲ್ಲ. "ರಾತ್ರಿ ಕಚೇರಿ ತೆಗಿಸಿದ್ದು ಬಿಡು. ಆಮ್ಯಾಲೆ ಅವ ಎಷ್ಟ್ ಸಲ ಅಡ್ಡಾಡಿದ ಅದನ್ನ ಕೇಳು" ಅಂದರು.

ಅವರು ಹಾಗೆ ಅಂದದ್ದಕ್ಕೆ ಕಾರಣ ಇದೆ. ನಮ್ಮ ಅಜ್ಜ ಕೋರಿನ ಮೇಲೆ ಹೊಲ ಮಾಡುತ್ತಿದ್ದವರು. 1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು 'ಉಳುವವನೇ ಹೊಲದೊಡೆಯ' ಎಂದಾಗ, 7ನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತವರು. ಆಗಿನ್ನೂ ಮೀಸೆ ಚಿಗುರುತ್ತಿದ್ದ ಅಪ್ಪ ಅಜ್ಜನ ಜೊತೆ ತಾಲೂಕು ಕಚೇರಿಗೆ ಅಲೆದವರು. ಕಾಗದ ಕೈಗೆ ಬರುವುದಕ್ಕೂ ಹೊಲ ಕೈಗೆ ಬರುವುದಕ್ಕೂ ನಡುವೆ ಎಷ್ಟು ಬೇಸಿಗೆ, ಎಷ್ಟು ಮಳೆಗಾಲ ಕಳೆಯುತ್ತವೆ ಎಂದು ಬಲ್ಲವರು.

ಮಧ್ಯಾಹ್ನದ ಊಟ ನದಿಯ ದಂಡೆಯಲ್ಲೇ ಆಯಿತು. ಅವ್ವ ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಬೆಣ್ಣೆ. ಈ ಭಾಗಕ್ಕೆ ಬರುವ ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಬರಬೇಕು; ದಾರಿಯ ಊರುಗಳಲ್ಲಿ ಸಿಗುವುದೆಲ್ಲ ದನದ ಮಾಂಸದ ಅಡುಗೆ. ಮಿಸೌರಿ ಕೆಂಪಗೆ, ದಪ್ಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ದಂಡೆಗೆ ಹತ್ತಿಸಿಟ್ಟಿರುವ 'ಕ್ಯಾಪ್ಟನ್ ಮೆರಿವೆದರ್ ಲೂಯಿಸ್' ಎಂಬ ಹಳೆಯ ಹೂಳೆತ್ತುವ ಹಡಗನ್ನು ಹೊರಗಿನಿಂದಲೇ ನೋಡಿದೆವು.

ಅಲ್ಲಿಂದ ಬಿಯಾಟ್ರಿಸ್ ಪಟ್ಟಣಕ್ಕೆ ಸುಮಾರು 65 ಮೈಲಿ. ಆಬರ್ನ್, ಟೆಕಂಸೆ ದಾಟುವ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಬಯಲು ನಾಡಿನ ಮಳೆ ದೂರದಿಂದಲೇ ಕಾಣುತ್ತದೆ. ಮೊದಲು ಗಾಳಿ, ಆಮೇಲೆ ಧೂಳು, ಆಮೇಲೆ ಒಂದೇ ಸಮನೆ ಸುರಿತ. ರಸ್ತೆ ಕಾಣದೆ ಒಂದು ಧಾನ್ಯದ ಗೋದಾಮಿನ ಮುಂದೆ ಕಾರು ನಿಲ್ಲಿಸಿ ಅರ್ಧ ತಾಸು ಕೂತೆವು. ಗುಡುಗಿಗೆ ಕಾರಿನ ಗಾಜು ಅದುರುತ್ತಿತ್ತು. ಇದೇ ದಾರಿಯಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಹೋದವರು ಎಲ್ಲಿ ನಿಲ್ಲುತ್ತಿದ್ದರು ಎಂದು ಅವ್ವ ಕೇಳಿದರು. ಸುತ್ತ ಕಣ್ಣು ಹಾಯಿಸಿದರೆ ನಿಲ್ಲಲು ಒಂದು ಮರವೂ ಇರಲಿಲ್ಲ.

ಶನಿವಾರ: ನೂರರವತ್ತು ಎಕರೆ

ಬಿಯಾಟ್ರಿಸ್‌ನಿಂದ ಪಶ್ಚಿಮಕ್ಕೆ 4ನೇ ಹೆದ್ದಾರಿಯಲ್ಲಿ ನಾಲ್ಕು ಮೈಲಿ ಹೋದರೆ ಹೋಮ್‌ಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಫ್ರೀಮನ್‌ನ ಹೊಲವನ್ನೇ ಸರಕಾರ 1936ರಲ್ಲಿ ಸ್ಮಾರಕವಾಗಿ ಉಳಿಸಿಕೊಂಡಿದೆ. ಪ್ರವೇಶಕ್ಕೆ ದುಡ್ಡಿಲ್ಲ. ದೂರದಿಂದ ಮೊದಲು ಕಾಣುವುದು ಮಾಹಿತಿ ಕೇಂದ್ರದ ಮಾಡು: ನೇಗಿಲ ಕುಳ ನೆಲ ಸೀಳಿ ಮೇಲೆದ್ದ ಹಾಗೆ ಮುಗಿಲಿಗೆ ಮುಖ ಮಾಡಿ ನಿಂತಿದೆ. ರಾತ್ರಿಯ ಮಳೆಗೆ ತೊಳೆದುಹೋದ ಆಕಾಶ, ತಣ್ಣನೆ ಗಾಳಿ, ಸ್ವೆಟರ್ ಬೇಕೆನಿಸುವ ಚಳಿ.

ಕಾರು ನಿಲ್ಲಿಸುವ ಜಾಗ ಸರಿಯಾಗಿ ಒಂದು ಎಕರೆ ಇದೆ ಎಂದು ಫಲಕ ಹೇಳುತ್ತದೆ. ಬರುವವರಿಗೆ ಎಕರೆ ಎಂದರೆ ಎಷ್ಟು ಎಂದು ತಿಳಿಯಲಿ ಎಂಬ ಯೋಚನೆ. ಓದಿ ಹೇಳಿದೆ. ಅಪ್ಪ ನಂಬಲಿಲ್ಲ, ಒಂದು ಮೂಲೆಯಿಂದ ಹೆಜ್ಜೆ ಹಾಕತೊಡಗಿದರು. ಉದ್ದ ಅಳೆದು, ಅಗಲ ಅಳೆದು, ಬೆರಳು ಮಡಚಿ ಲೆಕ್ಕ ಹಾಕಿ, "ನಲವತ್ತು ಗುಂಟೆ ಬರೋಬ್ಬರಿ ಐತಿ" ಎಂದು ಒಪ್ಪಿಗೆ ಕೊಟ್ಟರು. ಆಮೇಲೆ ಸುತ್ತ ನೋಡಿ, "ಇಂಥವು ನೂರಾ ಅರವತ್ತು!" ಅಂದರು. ಅವರ ಜೀವಮಾನದ ಹೊಲ ಆರು ಎಕರೆ.

ಒಳಗೆ ಹೋಗುವ ದಾರಿಯ ಗೋಡೆಯಲ್ಲಿ 30 ರಾಜ್ಯಗಳ ಆಕಾರಗಳನ್ನು ಲೋಹದಲ್ಲಿ ಕತ್ತರಿಸಿ ನಿಲ್ಲಿಸಿದ್ದಾರೆ. ಪ್ರತಿ ರಾಜ್ಯದಲ್ಲಿ ಎಷ್ಟು ಪಾಲು ನೆಲ ಈ ಕಾಯ್ದೆಯಡಿ ಹೋಯಿತೋ ಅಷ್ಟು ದೊಡ್ಡ ಚೌಕವನ್ನು ಅದರೊಳಗೆ ಕೊರೆದಿದ್ದಾರೆ. ನೆಬ್ರಾಸ್ಕಾದ್ದೇ ದೊಡ್ಡದು, ಶೇ. 45. ಒಟ್ಟು 27 ಕೋಟಿ ಎಕರೆ, ದೇಶದ ಹತ್ತರಲ್ಲೊಂದು ಪಾಲು ನೆಲ. ಅಪ್ಪ ಆ ಅಂಕಿಗಳನ್ನು ತಲೆಯಾಡಿಸಿ ಕೇಳಿದರು, ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಒಂದು ಕಾಗದದ ನಕಲು.

ಕಾಯ್ದೆಯ ಷರತ್ತು ಸರಳ. ಇಪ್ಪತ್ತೊಂದು ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು ಅರ್ಜಿ ಹಾಕಬಹುದು. ಮದುವೆಯಾಗದ ಹೆಣ್ಣು, ವಿಧವೆ, ಪೌರತ್ವ ಪಡೆಯುತ್ತೇನೆಂದು ಬರೆದುಕೊಟ್ಟ ಹೊರದೇಶದವರು ಕೂಡ. ಎಲ್ಲ ಸೇರಿ ಶುಲ್ಕ 18 ಡಾಲರ್. ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಸಾಗುವಳಿ ಮಾಡಿ ತೋರಿಸಬೇಕು. ಆಮೇಲೆ ಇಬ್ಬರು ನೆರೆಯವರು ಬಂದು ಸಾಕ್ಷಿ ಹೇಳಬೇಕು. ಫ್ರೀಮನ್ ಪರವಾಗಿ 1868ರ ಜನವರಿಯಲ್ಲಿ ನುಡಿದ ಆ ಸಾಕ್ಷಿಯ ಪತ್ರ ಉಳಿದಿದೆ. ಅದರಲ್ಲಿ ಬರೆದಿರುವುದನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಅರ್ಧ ಮರದ ದಿಮ್ಮಿಯ, ಅರ್ಧ ಹಲಗೆಯ, 14 ಅಡಿಗೆ 20 ಅಡಿಯ ಒಂದು ಮನೆ. ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ಉತ್ತು ಬಿತ್ತಿದ್ದು ಸುಮಾರು 35 ಎಕರೆ. ಒಂದು ಕೊಟ್ಟಿಗೆ, 100 ಅಡಿ ಉದ್ದದ ಕುರಿ ದೊಡ್ಡಿ, ಗೋವಿನಜೋಳದ ಕಣಜ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

"ಇನ್ನೊಮ್ಮೆ ಓದವಾ" ಅಂದರು ಅಪ್ಪ. ಇನ್ನೊಮ್ಮೆ ಓದಿದೆ.

"ಇದು ಪಂಚನಾಮೆ" ಅಂದರು. "ನಮ್ಮಪ್ಪಗೂ ಹಿಂಗ ಬರೆದಿದ್ರು. ಬಾವಿ ಐತಿ, ಬದು ಹಾಕ್ಯಾನ, ಎರಡು ಬೇವಿನ ಗಿಡ ಅದಾವ, ಇಂಥಾ ವರ್ಷದಿಂದ ಇವನ ಹರಗತಾನ ಅಂತ. ಬಾಜೂ ಹೊಲದವರು ಬಂದು ಹೇಳಿದ್ರ ಹೊಲ ಬಂತು, ಹೇಳದಿದ್ರ ಹೋತು. ಕಾಯ್ದೆ ಎಲ್ಲಾರಿಗೂ ಒಂದ. ಸಾಕ್ಷಿ ಎಲ್ಲಾರಿಗೂ ಸಿಗೂದಿಲ್ಲ."

ನೂರಾರು ಪುಟ ಓದಿದ್ದರೂ ನನಗೆ ಹೊಳೆಯದೆ ಹೋದದ್ದು ಅದು. ಸುಮಾರು 40 ಲಕ್ಷ ಜನ ಅರ್ಜಿ ಹಾಕಿದರು, 16 ಲಕ್ಷ ಜನಕ್ಕೆ ಮಾತ್ರ ಪಟ್ಟಾ ಸಿಕ್ಕಿತು. ಉಳಿದವರು ಬರಕ್ಕೆ, ಚಳಿಗೆ, ಸಾಲಕ್ಕೆ, ಮಿಡತೆಗೆ ಸೋತು ಐದು ವರ್ಷ ತುಂಬುವ ಮೊದಲೇ ಹೋದರು. 1874ರಲ್ಲಿ ಬಂದ ಮಿಡತೆಯ ಹಿಂಡು ಬೆಳೆಯ ಜೊತೆಗೆ ಒಣಹಾಕಿದ ಬಟ್ಟೆಯನ್ನೂ ತಿಂದಿತ್ತು. 'ಪುಕ್ಕಟೆ ಹೊಲ' ಎಂದು ಇವತ್ತಿಗೂ ಹೇಳುತ್ತಾರೆ. ಅರವತ್ತು ಭಾಗ ಜನ ಬಿಟ್ಟು ಓಡಿದ್ದು ಪುಕ್ಕಟೆ ಆಗಿದ್ದು ಹೇಗೆ?

ಅವ್ವನ ಮನಸ್ಸು ಇದ್ದದ್ದು ಆಗ್ನೆಸ್‌ ಮೇಲೆ. ಆಗ್ನೆಸ್ ಸೂಟರ್ ಮಿಸಿಸಿಪ್ಪಿ ದಂಡೆಯ ಲೆಕ್ಲೇರ್ ಎಂಬ ಅಯೋವಾದ ಊರಿನ ಹುಡುಗಿ. ಮೊದಲು ಅವಳಿಗೆ ಗೊತ್ತಾಗಿದ್ದ ಗಂಡು ಡೇನಿಯಲ್‌ನ ತಮ್ಮ ಜೇಮ್ಸ್. ಅವನು ಅಂತರ್ಯುದ್ಧದಲ್ಲಿ ತೀರಿಕೊಂಡ. ಆಮೇಲೆ ಅಣ್ಣನಿಗೂ ಅವಳಿಗೂ ಕಾಗದಗಳಲ್ಲೇ ಮಾತು ಬೆಳೆದು, 1865ರ ಫೆಬ್ರುವರಿಯಲ್ಲಿ ಮದುವೆಯಾಯಿತು. ಯುದ್ಧ ಮುಗಿದ ವರ್ಷವೇ ಗಂಡನ ಜೊತೆ ಈ ಬಯಲಿಗೆ ಬಂದಳು. ಅವ್ವ ಆಕೆಯ ಫೋಟೊದ ಮುಂದೆ ಬಹಳ ಹೊತ್ತು ನಿಂತರು.

ಹೊರಗೆ ಒಂದು ದಿಮ್ಮಿ ಮನೆ ಇದೆ. ಫ್ರೀಮನ್‌ನದ್ದಲ್ಲ, ಅದೇ ಸೀಮೆಯ ಪಾಮರ್ ಎಂಬವರು 1867ರಲ್ಲಿ ಕಟ್ಟಿದ್ದು, ಇಲ್ಲಿಗೆ ತಂದು ನಿಲ್ಲಿಸಿದ್ದಾರೆ. 14 ಅಡಿಗೆ 16 ಅಡಿ. ಒಂದು ಕಾಲಕ್ಕೆ ಅದರಲ್ಲಿ ಹತ್ತು ಜನ ಇದ್ದರಂತೆ. ಅವ್ವ ಒಳಗೆ ಹೋಗಿ ಒಲೆ ನೋಡಿ, ಅಟ್ಟ ನೋಡಿ, "ಬಾಣಂತನ ಎಲ್ಲಿ ಮಾಡತಿದ್ರು?" ಎಂದು ಕೇಳಿದರು. ಪಕ್ಕದಲ್ಲಿದ್ದ ಉದ್ಯಾನದ ಸಿಬ್ಬಂದಿ ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಒಲೆಯ ಪಕ್ಕದ ಮೂಲೆ ತೋರಿಸಿದಳು. "ಇಲ್ಲೇ. ಉಳಿದವರು ಆಗ ಹೊರಗೆ." ಅವ್ವ ಆ ಮೂಲೆಯ ದಿಮ್ಮಿಯನ್ನು ಮುಟ್ಟಿ ಬಂದರು.

ಫ್ರೀಮನ್ ಶಾಲೆ ಇರುವುದು ಅಲ್ಲಿಂದ ಕಾಲು ಮೈಲಿ ಪಶ್ಚಿಮಕ್ಕೆ, ಅದೇ ಹೆದ್ದಾರಿಯ ಬದಿಯಲ್ಲಿ. ಬಹಳ ಜನ ಅದನ್ನು ನೋಡದೆ ಹೋಗುತ್ತಾರೆ, ದಯವಿಟ್ಟು ಹೋಗಬೇಡಿ. 1872ರಲ್ಲಿ ಕಟ್ಟಿದ ಇಟ್ಟಿಗೆಯ ಒಂದೇ ಕೋಣೆ. ಸಾಲು ಡೆಸ್ಕು, ನಡುವೆ ಒಲೆ, ಮುಂದೆ ಕರಿಹಲಗೆ. 1967ರವರೆಗೂ ಇಲ್ಲಿ ಪಾಠ ನಡೆದಿದೆ. ಫ್ರೀಮನ್‌ನನ್ನು ನಾನು ಹೆಚ್ಚು ಮೆಚ್ಚಿದ್ದು ಹೊಲದಲ್ಲಲ್ಲ, ಈ ಕೋಣೆಯಲ್ಲಿ.

1899ರಲ್ಲಿ ಎಡಿತ್ ಬೀಚರ್ ಎಂಬ ಶಿಕ್ಷಕಿ ಇಲ್ಲಿ ಮಕ್ಕಳಿಗೆ ಬೈಬಲ್ ಓದಿಸುತ್ತಿದ್ದರು, ಪ್ರಾರ್ಥನೆ ಮಾಡಿಸುತ್ತಿದ್ದರು, ಭಕ್ತಿಗೀತೆ ಹಾಡಿಸುತ್ತಿದ್ದರು. ಎಪ್ಪತ್ತು ದಾಟಿದ ಫ್ರೀಮನ್ ಇದು ಸರಕಾರಿ ಶಾಲೆ, ಇಲ್ಲಿ ಅದು ಸಲ್ಲದು ಎಂದ. ಶಾಲಾ ಮಂಡಳಿ ಶಿಕ್ಷಕಿಯ ಪರ ನಿಂತಿತು. ಜಿಲ್ಲಾ ಕೋರ್ಟಿನಲ್ಲಿ ಸೋತ. ನೆಬ್ರಾಸ್ಕಾದ ಸುಪ್ರೀಂ ಕೋರ್ಟಿಗೆ ಹೋದ. 1902ರಲ್ಲಿ ತೀರ್ಪು ಅವನ ಪರ ಬಂತು. ಸರಕಾರಿ ಶಾಲೆಗಳಲ್ಲಿ ಬೈಬಲ್ ಪಠಣ ನಡೆಸಬಾರದೆಂದು ದೇಶದ ಸುಪ್ರೀಂ ಕೋರ್ಟು ಹೇಳಿದ್ದು 1963ರಲ್ಲಿ. ಸುತ್ತಲಿನ ಎಲ್ಲ ಮನೆಗಳೂ ಚರ್ಚಿಗೆ ಹೋಗುವ ಊರಿನಲ್ಲಿ, ದಿನಾ ಮುಖ ನೋಡಬೇಕಾದ ನೆರೆಯವರ ಎದುರು, ಆ ವಯಸ್ಸಿನಲ್ಲಿ ಕೋರ್ಟು ಹತ್ತುವುದು ಸಣ್ಣ ಮಾತಲ್ಲ. ಅರ್ಜಿ ಒಂದನೇ ನಂಬರಿನದ್ದಾಗಿರದಿದ್ದರೂ ಈ ಒಂದು ಕೇಸಿಗಾಗಿ ಅವನನ್ನು ನೆನೆಯಬಹುದಿತ್ತು.

ಸಂಜೆಗೆ ಇಪ್ಪತ್ತೈದು ಮೈಲಿ ದೂರದ ವಿಲ್ಬರ್‌ಗೆ ಹೋದೆವು. ಬೊಹೀಮಿಯಾದಿಂದ ಬಂದ ಚೆಕ್ ರೈತರು ನೆಲೆಸಿದ ಊರು. ಅಂಗಡಿಗಳ ಮುಂಗಟ್ಟಿನಲ್ಲಿ ಚೆಕ್ ಭಾಷೆ ಇನ್ನೂ ಉಳಿದಿದೆ. ಒಂದು ಬೇಕರಿಯಲ್ಲಿ ಕೊಲಾಚೆ ಸಿಕ್ಕಿತು: ಮೆತ್ತನೆಯ ಸಿಹಿ ಬ್ರೆಡ್ಡಿನ ನಡುವೆ ಹಣ್ಣಿನ ಪಾಕವನ್ನೋ ಗಸಗಸೆಯ ಹೂರಣವನ್ನೋ ತುಂಬಿ ಸುಟ್ಟದ್ದು. ಮೊಟ್ಟೆ ತಿನ್ನದವರು ಕೇಳಿಯೇ ಕೊಳ್ಳಬೇಕು. ಅವ್ವ ಮುಟ್ಟಲಿಲ್ಲ. ಅಪ್ಪ ಗಸಗಸೆಯದ್ದನ್ನು ಎರಡು ತಿಂದು, ಅಂಗಡಿಯವರಿಗೆ ಕೈಯಲ್ಲೇ ಚಂದ ಐತಿ ಎಂದು ತೋರಿಸಿ, ದಾರಿಗೆ ಇನ್ನಾರು ಕಟ್ಟಿಸಿಕೊಂಡರು.

ಭಾನುವಾರ: ಹುಲ್ಲು, ಬೇಲಿ, ನದಿಯ ಕೆಳಗಿನ ಊರು

ಬೆಳಗಿನ ಹೊತ್ತಿನ ಹುಲ್ಲುಗಾವಲು ನೋಡಬೇಕೆಂದು ಸೂರ್ಯ ಹುಟ್ಟುವ ಹೊತ್ತಿಗೆ ಮತ್ತೆ ಉದ್ಯಾನಕ್ಕೆ ಬಂದೆವು. ಕಾಲುದಾರಿಗಳು ಬೆಳಗಿನಿಂದಲೇ ತೆರೆದಿರುತ್ತವೆ. ಉದ್ದ ಪ್ಯಾಂಟು, ಮುಚ್ಚಿದ ಬೂಟು ಹಾಕಿಕೊಂಡು ಹೋಗಿ. ಉಣ್ಣಿಗಳ ಕಾಟ ಇದೆ, ಇಬ್ಬನಿಗೆ ಮೊಣಕಾಲಿನವರೆಗೂ ನೆನೆಯುತ್ತೀರಿ.

ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಸೆಪ್ಟೆಂಬರಿನಲ್ಲಿ ಆಳೆತ್ತರ ಮೀರುತ್ತದೆ. ಮುಂದೆ ನಡೆಯುತ್ತಿದ್ದ ಅಪ್ಪನ ಬಿಳಿ ಟೊಪ್ಪಿಗೆ ಒಂದೊಂದು ಸಲ ಕಾಣದಾಗುತ್ತಿತ್ತು. ತೆನೆ ಕೆಂಪು, ದಂಟು ನೇರಳೆ, ನಡುವೆ ಹಳದಿ ಹೂವಿನ ಗಿಡಗಳು, ಗಾಳಿ ಬೀಸಿದರೆ ನೂರು ಎಕರೆಯೂ ಒಟ್ಟಿಗೆ ಬಾಗುತ್ತಿತ್ತು. ಅಲ್ಲಿ ಓಡಾಡುತ್ತಿದ್ದ ಒಬ್ಬ ಸ್ವಯಂಸೇವಕರು ಹೇಳಿದರು: ಫ್ರೀಮನ್ ಮತ್ತು ಆಮೇಲಿನವರು ಉತ್ತು ಉತ್ತು ಮೇಲ್ಮಣ್ಣು ಕೊಚ್ಚಿಹೋಗಿತ್ತು. 1939ರಿಂದ ಇಲ್ಲಿ ಮತ್ತೆ ಹುಲ್ಲಿನ ಬೀಜ ಬಿತ್ತಿ ಬೆಳೆಸಿದ್ದಾರೆ. ಕೆಲವು ವರ್ಷಕ್ಕೊಮ್ಮೆ ಬೇಕೆಂದೇ ಬೆಂಕಿ ಹಾಕುತ್ತಾರೆ, ಇಲ್ಲದಿದ್ದರೆ ಮರಗಳು ನುಗ್ಗುತ್ತವೆ.

ಅಪ್ಪನಿಗೆ ಇದು ಅರಗಲಿಲ್ಲ. "ಹರಗಿ ಹಸನ ಮಾಡಿದ ಹೊಲ ಮತ್ತ ಹುಲ್ಲಿಗೆ ಬಿಟ್ಟಾರ? ಅಂವ ಇದ್ದಿದ್ರ ಏನಂತಿದ್ದ?" ಸ್ವಯಂಸೇವಕರು ಕಾಲುದಾರಿಯ ಅಂಚಿನಲ್ಲಿ ಮಳೆಗೆ ಕುಸಿದಿದ್ದ ಮಣ್ಣಿನ ಕಡೆ ಕರೆದೊಯ್ದರು. ಅಲ್ಲಿ ಬೇರು ಕಾಣುತ್ತಿತ್ತು. ಈ ಹುಲ್ಲಿನ ಬೇರು ಎರಡು ಮೂರು ಮೀಟರ್ ಕೆಳಗೆ ಹೋಗುತ್ತದೆ, ಬರ ಬಂದರೂ ಸಾಯುವುದಿಲ್ಲ, ಈ ಕಪ್ಪು ಮಣ್ಣು ಆಗಿದ್ದೇ ಸಾವಿರಾರು ವರ್ಷ ಈ ಬೇರು ಕೊಳೆತು ಎಂದು ವಿವರಿಸಿದರು. ಅಪ್ಪ ಕೂತು ಆ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ನನಗಂತೂ ಇಬ್ಬರ ಮಾತೂ ಸರಿ ಅನಿಸಿತು.

ಫ್ರೀಮನ್‌ನ ಹೊಲ ಚೌಕವಲ್ಲ. ನಲವತ್ತು ನಲವತ್ತು ಎಕರೆಯ ಮೂರು ತುಂಡು ಸಾಲಾಗಿ, ನಾಲ್ಕನೆಯದು ನಡುವಿನದರ ನೆತ್ತಿಯ ಮೇಲೆ. ಹಾಗೇಕೆ ಆರಿಸಿಕೊಂಡ ಎಂದು ನಡೆದು ನೋಡಿದರೆ ಗೊತ್ತಾಗುತ್ತದೆ: ಕಬ್ ಕ್ರೀಕ್ ಎಂಬ ಹಳ್ಳ, ಅದರ ದಂಡೆಯ ಓಕ್ ಕಾಡು. ನೀರೂ ಬೇಕು, ಮನೆಗೂ ಒಲೆಗೂ ಕಟ್ಟಿಗೆಯೂ ಬೇಕು. "ಶಾಣ್ಯಾ ಇದ್ದ" ಅಂದರು ಅಪ್ಪ. ಹಳೆ ಮನೆಗಳ ಜಾಗಗಳನ್ನು ಗುರುತು ಮಾಡಿದ್ದಾರೆ. ಅದರಲ್ಲೊಂದು ಕಾಗದಪತ್ರ ಇಲ್ಲದೆ ಬಂದು ಕೂತಿದ್ದವನ ಗುಡಿಸಲಿನ ಜಾಗ. ನಮ್ಮಲ್ಲಾದರೆ ಬಗರ್ ಹುಕುಂ ಅನ್ನುತ್ತಿದ್ದೆವು.

ದಕ್ಷಿಣದ ಗಡಿಯಲ್ಲಿ ಓಸೇಜ್ ಆರೆಂಜ್ ಮರಗಳ ಹಳೆಯ ಸಾಲಿದೆ. ಫ್ರೀಮನ್ ನೆಟ್ಟ ಬೇಲಿ. ಮುಳ್ಳುತಂತಿ ಬರುವ ಮುಂಚೆ ದನ ತಡೆಯಲು ಬಯಲು ಸೀಮೆಯ ರೈತರಿಗೆ ಇದೇ ದಿಕ್ಕು. ಕಟ್ಟಿಗೆ ಸಿಗದ ನಾಡಿನಲ್ಲಿ ಬೇಲಿಯನ್ನು ಬೆಳೆಸಿಕೊಳ್ಳಬೇಕಿತ್ತು. ಕೊಂಬೆ ತುಂಬ ಮುಳ್ಳು, ಕೆಳಗೆ ಮುಷ್ಟಿಗಿಂತ ದೊಡ್ಡ ಹಸಿರು ಗಂಟುಗಂಟಾದ ಕಾಯಿ ಬಿದ್ದಿದ್ದವು. ಒಡೆದರೆ ಹಾಲಿನಂಥ ಅಂಟು. ಊರಿಗೆ ಒಯ್ಯಬಹುದೇ ಎಂದು ಅಪ್ಪ ಕೇಳಿದರು. ಉದ್ಯಾನದಿಂದ ಏನನ್ನೂ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲೂ ಬಿಡುವುದಿಲ್ಲ ಎಂದೆ. ಇದ್ದಲ್ಲೇ ಇಟ್ಟರು.

ಪೂರ್ವದ ದಿಬ್ಬದ ಮೇಲೆ ಡೇನಿಯಲ್ ಮತ್ತು ಆಗ್ನೆಸ್‌ರ ಸಮಾಧಿಗಳು. ಅವನು ಹುಟ್ಟಿದ್ದು 1826ರಲ್ಲಿ ಓಹಾಯೊದಲ್ಲಿ, ತೀರಿಕೊಂಡಿದ್ದು 1908ರ ಡಿಸೆಂಬರಿನಲ್ಲಿ. ಆಗ್ನೆಸ್ ಇನ್ನೂ ಇಪ್ಪತ್ತೆರಡು ಚಿಲ್ಲರೆ ವರ್ಷ, 1931ರವರೆಗೆ ಬದುಕಿದ್ದಳು. ಉದ್ಯಾನ ಆದದ್ದನ್ನು ನೋಡಲಿಲ್ಲ. ಅವ್ವ ಮನೆಯಿಂದ ತಂದಿದ್ದ ಎರಡು ಸೇವಂತಿಗೆ ಹೂವನ್ನು ಎರಡೂ ಕಡೆ ಇಟ್ಟರು.

ಇಲ್ಲಿಗೆ ಪ್ರವಾಸ ಮುಗಿಸಿದರೆ ಅರ್ಧ ಕಥೆ ಮಾತ್ರ ಆಗುತ್ತದೆ. ಆದ್ದರಿಂದ ಬಿಗ್ ಬ್ಲೂ ನದಿ ಹಿಡಿದು ದಕ್ಷಿಣಕ್ಕೆ, ಬ್ಲೂ ಸ್ಪ್ರಿಂಗ್ಸ್ ಮತ್ತು ವೈಮೋರ್ ದಾಟಿ, ಬಾರ್ನ್‌ಸ್ಟನ್‌ಗೆ ಹೋದೆವು. ಈ ಸೀಮೆ ಓಟೊ-ಮಿಸೌರಿಯಾ ಎಂಬ ಮೂಲನಿವಾಸಿ ಜನರದ್ದು. ನೆಬ್ರಾಸ್ಕಾ ಎಂಬ ಹೆಸರೇ ಅವರ ಭಾಷೆಯದ್ದು. 1854ರ ಒಪ್ಪಂದದಲ್ಲಿ ಅವರ ಕೈಯಿಂದ ನೆಲವನ್ನೆಲ್ಲ ಬರೆಸಿಕೊಂಡು, ಈ ನದಿಯ ದಂಡೆಯಲ್ಲಿ 10 ಮೈಲಿ ಅಗಲ 25 ಮೈಲಿ ಉದ್ದದ ಒಂದು ಮೀಸಲು ಪ್ರದೇಶ ಬಿಟ್ಟುಕೊಟ್ಟರು. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. 250 ಚದರ ಮೈಲಿ, ಮೈಲಿಗೆ 640 ಎಕರೆ. "ಒಂದು ಲಕ್ಷ ಅರವತ್ತು ಸಾವಿರ. ಅಂದ್ರ ಫ್ರೀಮನ್ನನಂಥಾ ಸಾವಿರ ಹೊಲ. ಇಡೀ ಕುಲಕ್ಕ." ಅದೂ ಉಳಿಯಲಿಲ್ಲ. ಸುತ್ತ ಹೋಮ್‌ಸ್ಟೆಡ್ ರೈತರು ತುಂಬಿಕೊಂಡರು, ಸರಕಾರ ಮೀಸಲು ನೆಲವನ್ನೂ ಮಾರಿತು, 1881ರಲ್ಲಿ ಅವರನ್ನು ಇಂದಿನ ಓಕ್ಲಹೋಮಾದ ರೆಡ್ ರಾಕ್ ಕಡೆಗೆ ಕಳಿಸಿತು. ಅವರ ವಂಶದವರು ಈಗಲೂ ಅಲ್ಲೇ ಇದ್ದಾರೆ.

ಬಾರ್ನ್‌ಸ್ಟನ್‌ನಲ್ಲಿ ನೋಡಲು ಏನಿದೆ ಎಂದರೆ ಹೇಳುವುದು ಕಷ್ಟ. ಕೆಲವು ಮನೆ, ಹಳೆಯ ರೈಲುಹಳಿ ಕಿತ್ತು ಮಾಡಿದ ಸೈಕಲ್ ದಾರಿ, ನದಿ, ಹೊಲ. ಆ ದಾರಿಗೆ ಪೋಂಕಾ ಎಂಬ ಇನ್ನೊಂದು ಮೂಲನಿವಾಸಿ ಕುಲದ ಮುಖಂಡ ಸ್ಟ್ಯಾಂಡಿಂಗ್ ಬೇರ್‌ನ ಹೆಸರಿಟ್ಟಿದ್ದಾರೆ. ತನ್ನ ಜನರನ್ನು ಓಡಿಸಿದ ನೆಲಕ್ಕೆ ಮರಳಲು ಹೊರಟು, 1879ರಲ್ಲಿ ಓಮಾಹಾದ ಕೋರ್ಟಿನಲ್ಲಿ ತಾನೂ ಕಾನೂನಿನ ಕಣ್ಣಿಗೆ ಮನುಷ್ಯನೇ ಎಂದು ಒಪ್ಪಿಸಿ ಗೆದ್ದವನು. ಒಂದಷ್ಟು ದೂರ ಆ ದಾರಿಯಲ್ಲಿ ನಡೆದೆವು. ಅಕ್ಕಪಕ್ಕ ವಾಲ್‌ನಟ್ ಮರ, ಕೆಳಗೆ ಕಪ್ಪಾದ ಕಾಯಿಗಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು: "ಇವರೂ ಇಲ್ಲೆ ಜೋಳ ಬೆಳಿತಿದ್ರು ಅಂದಿ ಅಲ್ಲ? ಮತ್ತ ಇವರ ಪರವಾಗಿ ಸಾಕ್ಷಿ ಹೇಳಾಕ ಇಬ್ಬರು ಸಿಗಲಿಲ್ಲ?"

ವಾಪಸು ಬರುವಾಗ ಜಲ್ಲಿ ರಸ್ತೆಯಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯಿತು. ಮಳೆ ಬಿದ್ದ ಮಾರನೇ ದಿನಗಳಲ್ಲಿ ಇಲ್ಲಿಯ ಒಳರಸ್ತೆಗಳಿಗೆ ಇಳಿಯುವ ಮುನ್ನ ಸ್ಟೆಪ್ನಿಯ ಗಾಳಿ ನೋಡಿಕೊಂಡಿರಬೇಕು. ಫೋನಿಗೆ ಸಿಗ್ನಲ್ ಸಿಗುವುದೂ ಅಷ್ಟಕ್ಕಷ್ಟೇ. ಜಾಕ್ ಏರಿಸುತ್ತಿರುವಾಗ ಒಂದು ಪಿಕಪ್ ಬಂದು ನಿಂತಿತು. ಇಳಿದ ರೈತರಿಗೆ ಅಪ್ಪನಷ್ಟೇ ವಯಸ್ಸು, ಮಂಡಿಯ ಮೇಲೆ ಎಣ್ಣೆಯ ಕಲೆ. ಹೆಸರು ಕೇಳುವ ಮೊದಲೇ ಬೋಲ್ಟ್ ಬಿಚ್ಚಲು ಕೂತರು. ಗಾಲಿ ಬದಲಾಗುವಷ್ಟರಲ್ಲಿ ಇಬ್ಬರ ನಡುವೆ ನಾನು ಬರೀ ದುಭಾಷಿ.

ಮಳೆ ಸರಿಯಾಗಿ ಬಂದ ವರ್ಷ ಎಕರೆಗೆ 150 ಬುಶೆಲ್ ಗೋವಿನಜೋಳ ಬರುತ್ತದೆ ಎಂದರು ಅವರು. ಬುಶೆಲ್ಲಿಗೆ ಇಪ್ಪತ್ತೈದೂವರೆ ಕಿಲೊ ಹಿಡಿದು 38 ಕ್ವಿಂಟಲ್ ಎಂದೆ. ಅಪ್ಪ ಹುಬ್ಬು ಏರಿಸಿದರು. "ನಮಗ ಇಪ್ಪತ್ತೈದು ಬಂದ್ರ ಹಬ್ಬ. ರೇಟ್ ಎಷ್ಟ್ ಸಿಗತೈತಿ ಕೇಳು." ರೇಟು ಕೇಳಿದ್ದಕ್ಕೆ ಆ ಹಿರಿಯರು ಮುಖ ಕಿವುಚಿದರು. ಬೀಜ, ಗೊಬ್ಬರ, ಯಂತ್ರದ ಸಾಲದ ಕಂತು, ಬ್ಯಾಂಕು. ಮಕ್ಕಳಿಬ್ಬರೂ ಲಿಂಕನ್‌ನಲ್ಲಿ ಕೆಲಸಕ್ಕೆ ಇದ್ದಾರಂತೆ, ಹೊಲಕ್ಕೆ ಬರುವವರಿಲ್ಲ. ಅಪ್ಪ ನನ್ನ ಕಡೆ ನೋಡಿದರು. ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ.

"ಈ ಹೊಲ ಇವರ ಮನಿಗೆ ಹ್ಯಾಂಗ ಬಂತು ಕೇಳವಾ" ಅಂದರು ಅಪ್ಪ.

ಮುತ್ತಜ್ಜ ಸರಕಾರದಿಂದ ಕೊಂಡದ್ದು ಎಂದರು ರೈತರು. ಮೊದಲು ಓಟೊ ಜನರ ನೆಲ, ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಉಳುವಾಗ ಕಲ್ಲಿನ ಬಾಣದ ಮೊನೆ ಸಿಗುತ್ತಿದ್ದವು, ನಮ್ಮಜ್ಜಿ ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ಕಾಗದ ನೋಡಬೇಕಿದ್ದರೆ ಬಿಯಾಟ್ರಿಸ್‌ನ ಕೌಂಟಿ ಕೋರ್ಟ್‌ಹೌಸಿಗೆ ಹೋಗಿ, ದಸ್ತಾವೇಜು ಪುಸ್ತಕಗಳನ್ನು ಯಾರು ಬೇಕಾದರೂ ಕೇಳಿ ನೋಡಬಹುದು, ಸೆಕ್ಷನ್ ನಂಬರು ಹೇಳಿದರೆ ಸಾಕು ಎಂದರು. ಅಪ್ಪ ಮಾಹಿತಿ ಕೇಂದ್ರದಲ್ಲಿ ಬರೆದುಕೊಂಡಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ತೋರಿಸಿದರು. ಫ್ರೀಮನ್‌ನ ಹೊಲದ ನಂಬರು: 26ನೇ ಸೆಕ್ಷನ್, ಉತ್ತರಕ್ಕೆ 4ನೇ ಟೌನ್‌ಶಿಪ್, ಪೂರ್ವಕ್ಕೆ 5ನೇ ರೇಂಜ್. ರೈತರು ತಲೆಯಾಡಿಸಿ, ಅದರ ಕೆಳಗೆ ತಮ್ಮ ಹೊಲದ ನಂಬರನ್ನೂ ಬರೆದುಕೊಟ್ಟರು. ನಾವು ವಿಲ್ಬರ್‌ನಲ್ಲಿ ಕಟ್ಟಿಸಿಕೊಂಡಿದ್ದ ಕೊಲಾಚೆಯಲ್ಲಿ ಎರಡು ಅವರಿಗೆ ಕೊಟ್ಟೆವು.

ಆ ಸಣ್ಣ ಸ್ಟೆಪ್ನಿ ಗಾಲಿಯಲ್ಲಿ 50 ಮೈಲಿ ವೇಗ ಮೀರುವಂತಿಲ್ಲ, ಭಾನುವಾರ ಟೈರಿನ ಅಂಗಡಿಯೂ ಇಲ್ಲ. ಮೇರಿಸ್‌ವಿಲ್ ಮೇಲೆ ಕ್ಯಾನ್ಸಸ್‌ಗೆ ಹೋಗಬೇಕಿದ್ದವರು ನಿಧಾನಕ್ಕೆ ಬಿಯಾಟ್ರಿಸ್‌ಗೇ ವಾಪಸಾದೆವು. ಅದೇ ಮೋಟೆಲ್, ಅದೇ ಕೋಣೆ. ನಾನು ಆಫೀಸಿಗೆ ಒಂದು ದಿನದ ರಜೆ ಕೇಳಿ ಮೇಲ್ ಬರೆಯುತ್ತಿದ್ದೆ. ಉಳಿದ ರೊಟ್ಟಿ ನಾಳೆಗೂ ಸಾಲುತ್ತದೆಯೇ ಎಂದು ಅವ್ವ ಎಣಿಸುತ್ತಿದ್ದರು. ಅಪ್ಪ ಚೀಟಿಯ ಎರಡೂ ನಂಬರುಗಳನ್ನು ನನ್ನಿಂದ ಇನ್ನೊಮ್ಮೆ ಓದಿಸಿ, ಕನ್ನಡದ ಅಂಕಿಯಲ್ಲಿ ಬರೆದುಕೊಂಡು, ಕೋರ್ಟ್‌ಹೌಸು ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರು.